ಮೇಲೇರುವುದು ಬೇರೆ, ಸಮನಾಗುವುದು ಬೇರೆ

ಬಾಡಿಗೆ ಮನೆ ಹುಡುಕಿಕೊಂಡು ಹೋದವರಿಗೆಲ್ಲ ಈ ಮಾತುಕತೆ ಗೊತ್ತಿರುತ್ತದೆ. ಮನೆಯ ಯಜಮಾನರು ಮೊದಲು ಕೆಲಸ ಎಲ್ಲಿ ಎಂದು ಕೇಳುತ್ತಾರೆ. ಆಮೇಲೆ ಊರು ಯಾವುದು ಎನ್ನುತ್ತಾರೆ. ಎರಡಕ್ಕೂ ಉತ್ತರ ಸಿಕ್ಕ ಮೇಲೂ ಅವರಿಗೆ ಸಮಾಧಾನ ಇರುವುದಿಲ್ಲ. "ತಂದೆಯವರ ಹೆಸರೇನು? ಮನೇಲಿ ಮಾಂಸಗೀಂಸ ಮಾಡ್ತೀರಾ? ನಿಮ್ಮ ಮನೆದೇವರು ಯಾವುದು?" ಹೀಗೆ ಸುತ್ತಿ ಬಳಸಿ ಕೊನೆಗೆ, "ಅಂದ ಹಾಗೆ, ತಾವು ಯಾವ ಪೈಕಿ?" ಎಂದು ಬಾಯಿಬಿಟ್ಟು ಕೇಳುತ್ತಾರೆ. ಕೆಲಸ, ಸಂಬಳ, ಓದು ಎಲ್ಲ ತಿಳಿದ ಮೇಲೂ ಎದುರಿಗಿರುವ ಮನುಷ್ಯ ಯಾರು ಎಂಬುದು ಅವರಿಗೆ ಇನ್ನೂ ತಿಳಿದಿಲ್ಲ. ಜಾತಿ ಗೊತ್ತಾದ ಮೇಲೆಯೇ ಆತನನ್ನು ಎಲ್ಲಿ ಕೂರಿಸಬೇಕು, ಎಷ್ಟು ಒಳಗೆ ಬಿಟ್ಟುಕೊಳ್ಳಬೇಕು ಎಂಬುದು ನಿಶ್ಚಯವಾಗುತ್ತದೆ.

ಹಣದಿಂದ ಅಂತಸ್ತು ಬರುತ್ತದೆ. ಅಧಿಕಾರದಿಂದ, ವಿದ್ಯೆಯಿಂದಲೂ ಬರುತ್ತದೆ. ಇದು ಎಲ್ಲ ಸಮಾಜಗಳಲ್ಲೂ ಉಂಟು. ಹಿಂದೂ ಸಮಾಜದಲ್ಲಿ ಇವೆಲ್ಲಕ್ಕೂ ಮೊದಲು, ಹುಟ್ಟಿನ ಜೊತೆಯಲ್ಲೇ ಬರುವ ಇನ್ನೊಂದು ಅಂತಸ್ತಿದೆ. ಅದಕ್ಕೆ ಧರ್ಮದ ಆಸರೆ ಇದೆ. ಮಡಿ ಮೈಲಿಗೆ, ದೇವರ ಮುಂದೆ ಯಾರು ಎಷ್ಟು ಹತ್ತಿರ ನಿಲ್ಲಬೇಕೆಂಬ ಕಟ್ಟಳೆ, ಪೂರ್ವಜನ್ಮದ ಕರ್ಮವೆಂಬ ನಂಬಿಕೆ, ಇವೆಲ್ಲ ಸೇರಿ ಅದನ್ನು ಕಾಪಾಡಿಕೊಂಡು ಬಂದಿವೆ. ಆದರೂ ಈ ವ್ಯವಸ್ಥೆ ಕಲ್ಲಿನಂತೆ ಅಲುಗದೆ ಕೂತಿರಲಿಲ್ಲ. ಜಾತಿಗಳು ಮೇಲೇರಲು ಪ್ರಯತ್ನಿಸಿವೆ, ಎಷ್ಟೋ ಬಾರಿ ಏರಿಯೂ ಇವೆ. ಮೇಲೇರುವುದಕ್ಕೂ ಸಮನಾಗುವುದಕ್ಕೂ ಇರುವ ಅಂತರವನ್ನು ನಾವು ಇನ್ನೂ ಸರಿಯಾಗಿ ಮನಸ್ಸಿಗೆ ತಂದುಕೊಂಡಿಲ್ಲ ಎಂಬುದನ್ನೇ ನಾನು ಇವತ್ತು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಶಾಲೆಯ ಪುಸ್ತಕದಲ್ಲಿ ನಾಲ್ಕು ವರ್ಣಗಳ ಪಾಠ ಓದಿದ್ದೇವೆ. ಹಳ್ಳಿಯಲ್ಲಿ ಕಣ್ಣಿಗೆ ಬೀಳುವುದು ವರ್ಣ ಅಲ್ಲ, ಜಾತಿ. ಒಂದೊಂದು ಸೀಮೆಯಲ್ಲಿ ಎಷ್ಟೋ ಜಾತಿಗಳು, ಅವುಗಳೊಳಗೆ ಮತ್ತೆ ಒಳಪಂಗಡಗಳು. ಯಾರು ಮೇಲು, ಯಾರು ಕೀಳು ಎಂಬುದನ್ನು ಅಲ್ಲಿ ಯಾರೂ ಶಾಸ್ತ್ರಗ್ರಂಥ ತೆರೆದು ನೋಡುತ್ತಿರಲಿಲ್ಲ. ನೀರು ಮತ್ತು ಅನ್ನ ಅದನ್ನು ಹೇಳುತ್ತಿದ್ದವು. ಯಾರ ಮನೆಯ ನೀರನ್ನು ಯಾರು ಕುಡಿಯುತ್ತಾರೆ, ಯಾರ ಅಡುಗೆಯನ್ನು ಯಾರು ಉಣ್ಣುತ್ತಾರೆ ಎಂಬುದೇ ಲೆಕ್ಕ. ಹಳೆ ಮೈಸೂರಿನ ಕಡೆ ಒಕ್ಕಲು ಮನೆಯ ಮದುವೆಗೆ ಬಂದ ಪುರೋಹಿತರಿಗೆ ಅಕ್ಕಿ, ಬೇಳೆ, ತರಕಾರಿ, ತುಪ್ಪ ಕೊಟ್ಟು ಸ್ವಯಂಪಾಕಕ್ಕೆ ಬಿಡುತ್ತಿದ್ದರು. ಬೇಯದ ಅಕ್ಕಿಗೆ ಮೈಲಿಗೆ ಇಲ್ಲ, ಅದೇ ಅಕ್ಕಿ ಆ ಮನೆಯ ಒಲೆಯ ಮೇಲೆ ಬೆಂದರೆ ಮೈಲಿಗೆ. ಮನೆಯ ಒಳಗೂ ಇದೇ ಅಳತೆ ನಡೆಯುತ್ತಿತ್ತು. ಒಬ್ಬನಿಗೆ ನಡುಮನೆ, ಒಬ್ಬನಿಗೆ ಪಡಸಾಲೆ, ಒಬ್ಬನಿಗೆ ಜಗಲಿ, ಇನ್ನೊಬ್ಬನಿಗೆ ಅಂಗಳದ ಆಚೆ. ಅಡುಗೆಮನೆ ಮತ್ತು ದೇವರಮನೆ ಎಲ್ಲಕ್ಕಿಂತ ಒಳಗಿದ್ದವು. ಮನೆ ಕಟ್ಟುವಾಗಲೇ ಸಮಾಜದ ನಕ್ಷೆಯನ್ನೂ ಹಾಕಿ ಮುಗಿಸಿದ್ದರು.

ಈ ವ್ಯವಸ್ಥೆಯನ್ನು ಹತ್ತಿರದಿಂದ ನೋಡಿ ಬರೆದವರಲ್ಲಿ ಮುಖ್ಯರು ನಮ್ಮ ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸ್. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿ, 1999ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಅವರ ಗ್ರಂಥ 1952ರಲ್ಲಿ ಪ್ರಕಟವಾಯಿತು. 1948ರಲ್ಲಿ ಅವರು ಮೈಸೂರಿನ ಹತ್ತಿರದ ಒಂದು ಹಳ್ಳಿಗೆ ಹೋಗಿ, ಪಟೇಲರ ಎತ್ತಿನ ಕೊಟ್ಟಿಗೆಯ ಪಕ್ಕದಲ್ಲಿ ಬಿಡಾರ ಹೂಡಿದರು. ತಮ್ಮ ಬರಹಗಳಲ್ಲಿ ಆ ಹಳ್ಳಿಯನ್ನು ರಾಂಪುರ ಎಂದು ಕರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕೋಣೆಗೆ ಬೆಂಕಿ ಬಿದ್ದು ವರ್ಷಗಟ್ಟಲೆ ಕೂಡಿಟ್ಟ ಟಿಪ್ಪಣಿಗಳು ಸುಟ್ಟುಹೋದಾಗ, ನೆನಪಿನ ಬಲದಿಂದಲೇ ರಾಂಪುರದ ಕಥೆಯನ್ನು ಬರೆದು 1976ರಲ್ಲಿ ಪುಸ್ತಕವಾಗಿ ಹೊರತಂದರು.

ರಾಂಪುರದಲ್ಲಿ ಅವರು ಕಂಡದ್ದೇನು? ರಾಮದೇವರ ಗುಡಿಯ ಅರ್ಚಕರು ಆಚಾರದ ಲೆಕ್ಕದಲ್ಲಿ ಊರಿಗೆಲ್ಲ ಮೇಲು. ಆದರೆ ಕಷ್ಟ ಬಂದರೆ ಆ ಅರ್ಚಕರು ಹೋಗುತ್ತಿದ್ದದ್ದು ಪಟೇಲರ ಬಳಿಗೆ. ಜಮೀನು, ಜನಬಲ, ಪಂಚಾಯಿತಿಯ ಅಧಿಕಾರ ಎಲ್ಲವೂ ಒಕ್ಕಲಿಗರ ಕೈಯಲ್ಲಿದ್ದವು. ಇಂಥ ಜಾತಿಯನ್ನು ಶ್ರೀನಿವಾಸ್ ಪ್ರಬಲ ಜಾತಿ ಎಂದು ಕರೆದರು. ಪೂಜೆಯಲ್ಲಿ ಮೇಲಿರುವುದು ಒಂದು, ಊರು ಆಳುವುದು ಇನ್ನೊಂದು. ಹಿಂದೂ ಸಮಾಜದ ಅಂತಸ್ತಿಗೆ ಹೀಗೆ ಎರಡು ಅಳತೆಗೋಲುಗಳು. ಪೂಜೆಯಲ್ಲಿ ಮೇಲಿದ್ದವರಿಗೆ ಭೂಮಿ ಬೇಕಾಗಿತ್ತು, ಭೂಮಿಯಲ್ಲಿ ಮೇಲಿದ್ದವರಿಗೆ ಪೂಜೆಯ ಮನ್ನಣೆ ಬೇಕಾಗಿತ್ತು. ಎರಡೂ ಇಲ್ಲದವರು ಹೊಲದಲ್ಲಿ ದುಡಿದು, ಗುಡಿಯ ಹೊರಗೆ ನಿಂತು ಕೈಮುಗಿಯುತ್ತಿದ್ದರು.

ಶ್ರೀನಿವಾಸ್ ಗುರುತಿಸಿದ ಇನ್ನೊಂದು ಸಂಗತಿ ಸಂಸ್ಕೃತೀಕರಣ. ಏಣಿಯ ನಡುಮೆಟ್ಟಿಲಿನಲ್ಲಿದ್ದ ಒಂದು ಜಾತಿಯವರು ಮೇಲಿನವರ ಆಚಾರಗಳನ್ನು ಒಂದೊಂದಾಗಿ ಕೈಗೊಳ್ಳುತ್ತಾರೆ. ಮಾಂಸ ಮತ್ತು ಹೆಂಡ ಬಿಡುತ್ತಾರೆ. ಜನಿವಾರ ಹಾಕಿಕೊಳ್ಳುತ್ತಾರೆ, ಗೋತ್ರ ಕಂಡುಕೊಳ್ಳುತ್ತಾರೆ. ಕೋಳಿ ಕುರಿ ಬೇಡುತ್ತಿದ್ದ ಗ್ರಾಮದೇವತೆಗೆ ಹಣ್ಣುಕಾಯಿ ಒಪ್ಪಿಸುತ್ತಾರೆ. ಒಂದೆರಡು ತಲೆಮಾರು ಕಳೆದ ಮೇಲೆ, ಮೊದಲಿಗಿಂತ ಮೇಲಿನ ಸ್ಥಾನ ತಮ್ಮದೆಂದು ಹೇಳಿಕೊಳ್ಳುತ್ತಾರೆ. ಧರ್ಮ ಇಲ್ಲಿ ಮೇಲೇರುವ ದಾರಿಯಾಯಿತು.

ಆ ದಾರಿ ಎಲ್ಲರನ್ನೂ ಒಂದೇ ಕಡೆಗೆ ಮುಟ್ಟಿಸಲಿಲ್ಲ. ಚಿನ್ನ, ಕಬ್ಬಿಣ, ಮರ, ಕಲ್ಲು, ಕಂಚಿನ ಕಸುಬು ಮಾಡುವ ಪಂಚಾಳರನ್ನೇ ನೋಡಿ. ಊರಿನ ನೇಗಿಲು ಅವರು ಮಾಡಿದ್ದು, ತೇರು ಅವರು ಮಾಡಿದ್ದು, ಗರ್ಭಗುಡಿಯ ವಿಗ್ರಹವನ್ನು ಕಡೆದದ್ದೂ ಅವರ ಕೈಯೇ. ಅವರು ಜನಿವಾರ ಧರಿಸಿದರು, ವೈದಿಕ ಸಂಸ್ಕಾರಗಳನ್ನು ಅನುಸರಿಸಿದರು, ವಿಶ್ವಕರ್ಮ ಬ್ರಾಹ್ಮಣರೆಂದು ಕರೆದುಕೊಂಡರು. ಆದರೂ ಮೈಸೂರು ಸೀಮೆಯಲ್ಲಿ ಅವರ ಮನೆಯ ಅನ್ನ ನೀರನ್ನು ಬೇರೆ ಜಾತಿಯವರು ಮುಟ್ಟುತ್ತಿರಲಿಲ್ಲ. ಅಸ್ಪೃಶ್ಯರೆಂದು ಊರಿನಿಂದ ಹೊರಗಿಡಲಾಗಿದ್ದ ಜನ ಕೂಡ ಮುಟ್ಟುತ್ತಿರಲಿಲ್ಲ ಎಂದು ಶ್ರೀನಿವಾಸ್ ದಾಖಲಿಸಿದ್ದಾರೆ. ನಾನು ಮೇಲು ಎಂದು ನಾನು ಹೇಳಿದರೆ ಆಗಲಿಲ್ಲ, ನೆರೆಯವನು ತಲೆಯಾಡಿಸಬೇಕು. ನೆರೆಯವನು ತಲೆಯಾಡಿಸಿದರೆ ಅವನು ಒಂದು ಮೆಟ್ಟಿಲು ಕೆಳಗಾಗುತ್ತಾನೆ. ಹಾಗಾಗಿ ಅವನು ಒಪ್ಪುವುದಿಲ್ಲ.

ಇಂಗ್ಲಿಷರ ಕಾಲದಲ್ಲಿ ಈ ಪೈಪೋಟಿ ಸರ್ಕಾರಿ ಕಾಗದಕ್ಕೂ ಏರಿತು. 1901ರ ಜನಗಣತಿಯಲ್ಲಿ ಹರ್ಬರ್ಟ್ ರಿಸ್ಲೆ ಎಂಬ ಅಧಿಕಾರಿ ಜಾತಿಗಳನ್ನು ಸಾಮಾಜಿಕ ಅಂತಸ್ತಿನ ಕ್ರಮದಲ್ಲಿ ಪಟ್ಟಿಮಾಡಲು ಹೊರಟರು. ತಮ್ಮನ್ನು ಕ್ಷತ್ರಿಯರೆಂದು ಬರೆಯಿರಿ, ವೈಶ್ಯರೆಂದು ಬರೆಯಿರಿ ಎಂದು ದೇಶದ ಎಲ್ಲ ಕಡೆಯಿಂದ ಅರ್ಜಿಗಳು ಬಂದು ಬಿದ್ದವು. ವಂಶಾವಳಿಗಳು, ಪುರಾಣಗಳ ಆಧಾರಗಳು ಹುಟ್ಟಿಕೊಂಡವು. ಜಾತಿಸಂಘಗಳು ಎದ್ದವು. ನಮ್ಮಲ್ಲಿ ವೀರಶೈವ ಮಹಾಸಭೆ 1904ರಲ್ಲಿ, ಒಕ್ಕಲಿಗರ ಸಂಘ 1906ರಲ್ಲಿ ಹುಟ್ಟಿದ್ದೂ ಈ ಕಾಲದಲ್ಲೇ. ಈ ಸಂಘಗಳು ಹಾಸ್ಟೆಲು ಕಟ್ಟಿಸಿದವು, ಶಾಲೆ ತೆರೆದವು, ಹಳ್ಳಿಯ ಬಡಮಕ್ಕಳಿಗೆ ಪಟ್ಟಣದಲ್ಲಿ ಅನ್ನ, ನೆರಳು ಕೊಟ್ಟವು. ಆ ಉಪಕಾರ ದೊಡ್ಡದು. ಅದರ ಜೊತೆಗೆ, ವಿದ್ಯೆಗೂ ಜಾತಿಯ ಬಾಗಿಲಿನಿಂದಲೇ ಒಳಗೆ ಹೋಗುವ ರೂಢಿ ಬೆಳೆಯಿತು. ಇವತ್ತು ಚುನಾವಣೆಯ ಟಿಕೆಟ್ಟೂ ಅದೇ ಬಾಗಿಲಿನಿಂದ ಹೊರಬರುತ್ತದೆ.

ಮೇಲೇರಿದ್ದಕ್ಕೆ ಬೆಲೆ ತೆತ್ತವರು ಯಾರು ಎಂದು ಕೇಳಿ ನೋಡಿ. ಮೊದಲು ತೆತ್ತವರು ಹೆಣ್ಣುಮಕ್ಕಳು. ದುಡಿಯುವ ಜಾತಿಗಳಲ್ಲಿ ಗಂಡ ಸತ್ತ ಹೆಂಗಸು ಉಡಿಕೆಯಾಗಿ ಮತ್ತೆ ಸಂಸಾರ ಹೂಡುತ್ತಿದ್ದಳು. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ತೆರ ಕೊಟ್ಟು ಮದುವೆ ಮಾಡಿಕೊಳ್ಳುತ್ತಿದ್ದರು. ಹೊಲದಲ್ಲಿ, ಸಂತೆಯಲ್ಲಿ, ಮನೆಯ ಮಾತುಕತೆಯಲ್ಲಿ ಆಕೆಯ ದನಿ ಕೇಳಿಸುತ್ತಿತ್ತು. ಜಾತಿ ಮೇಲೇರಬೇಕೆಂದು ಹೊರಟಾಗ ಮೊದಲು ನಿಂತದ್ದು ಉಡಿಕೆ. ವಿಧವೆ ಮತ್ತೆ ಮದುವೆಯಾಗಬಾರದು ಎಂಬುದು ದೊಡ್ಡಸ್ತಿಕೆಯ ಗುರುತಾಯಿತು. ತೆರ ಹೋಯಿತು, ವರದಕ್ಷಿಣೆ ಬಂತು. ಹೆಂಗಸು ಹೊಲಕ್ಕೆ ಹೋಗದಿರುವುದೇ ಮನೆತನದ ಮರ್ಯಾದೆ ಎನಿಸಿತು. ಕುಲದ ಗಂಡಸರು ಒಂದು ಮೆಟ್ಟಿಲು ಹತ್ತಿದರು, ಅದೇ ಕುಲದ ಹೆಂಗಸರು ಮನೆಯೊಳಗೆ ಒಂದು ಮೆಟ್ಟಿಲು ಇಳಿದರು. ಜಾತಿ ಉಳಿಯುವುದು ಮದುವೆಯಿಂದ. ಆದ್ದರಿಂದ ಜಾತಿಯ ಮಾನವನ್ನು ಕಾಯುವ ಕೆಲಸ ಹೆಣ್ಣಿನ ಮೈಮೇಲೆ ಬಿತ್ತು. ಮನೆಯ ಹುಡುಗಿ ಬೇರೆ ಜಾತಿಯವನನ್ನು ಮೆಚ್ಚಿದಳೆಂದು ಹೆತ್ತವರೇ ಆಕೆಯ ಕತ್ತು ಹಿಸುಕಿದ ಸುದ್ದಿಗಳನ್ನು ಇವತ್ತಿಗೂ ಓದುತ್ತಿದ್ದೇವೆ. ಅದರ ಬೇರು ಇಲ್ಲಿದೆ.

ಬೆಲೆ ತೆತ್ತ ಇನ್ನೊಬ್ಬರು ಏಣಿಯ ಬುಡದಲ್ಲಿದ್ದವರು. ನಡುಮೆಟ್ಟಿಲಿನವರಿಗೆ ತೆರೆದಿದ್ದ ದಾರಿ ಅವರಿಗೆ ತೆರೆದಿರಲಿಲ್ಲ. ಅವರು ಮಾಂಸ ಬಿಟ್ಟರೂ ಮೈಲಿಗೆಯವರು, ಶುಭ್ರ ಬಟ್ಟೆ ಉಟ್ಟರೆ ಸೊಕ್ಕಿನವರು. ರಾಂಪುರದ ಸೀಮೆಯಲ್ಲೇ ಒಂದು ಹಳ್ಳಿಯ ದಲಿತರು, ಸತ್ತ ದನ ಸಾಗಿಸುವುದು, ಹಬ್ಬಕ್ಕೆ ತಮಟೆ ಬಡಿಯುವುದು ಮುಂತಾದ ಚಾಕರಿಯನ್ನು ಇನ್ನು ಮಾಡುವುದಿಲ್ಲ ಎಂದಾಗ, ಊರ ಒಕ್ಕಲು ಮಕ್ಕಳು ಅವರನ್ನು ಹೊಡೆದು ಗುಡಿಸಲುಗಳಿಗೆ ಬೆಂಕಿ ಇಟ್ಟ ಸಂಗತಿಯನ್ನೂ ಶ್ರೀನಿವಾಸ್ ಬರೆದಿದ್ದಾರೆ. ದಲಿತರು ಅಲ್ಲಿ ಯಾರ ಜಮೀನನ್ನೂ ಕೇಳಿರಲಿಲ್ಲ. ಕೀಳೆನಿಸಿದ ಕೆಲಸ ಬಿಡುತ್ತೇವೆ ಎಂದಿದ್ದರು, ಅಷ್ಟೆ.

ಡಾ. ಬಿ. ಆರ್. ಅಂಬೇಡ್ಕರ್ ಇದರ ಒಳಗುಟ್ಟನ್ನು ಬಿಡಿಸಿ ತೋರಿಸಿದರು. ಜಾತಿಯ ಅಸಮಾನತೆ ಶ್ರೇಣಿ ಶ್ರೇಣಿಯಾಗಿ ಇದೆ, ಕಟ್ಟಕಡೆಯವರನ್ನು ಬಿಟ್ಟರೆ ಪ್ರತಿಯೊಬ್ಬರಿಗೂ ತಮಗಿಂತ ಕೀಳೆಂದು ಕರೆಯಲು ಇನ್ನೊಬ್ಬರು ಸಿಗುತ್ತಾರೆ, ಹಾಗಾಗಿ ತುಳಿತಕ್ಕೆ ಸಿಕ್ಕವರು ಒಂದಾಗಿ ಏಳುವುದು ಕಷ್ಟ ಎಂದರು. ಇಂದಿನ ಮಹಾರಾಷ್ಟ್ರದ ಮಹಾಡ ಎಂಬ ಊರಿನಲ್ಲಿ ನಡೆದ ಪ್ರಸಂಗ ಇದನ್ನೇ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತ ಎಂದು ಬೊಂಬಾಯಿ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡದ ಪುರಸಭೆ ಚವದಾರ ಕೆರೆಯನ್ನು ತೆರೆದಿರುವುದಾಗಿ ಹೇಳಿಯೂ ಇತ್ತು. ಅದು ಕಾಗದದ ಮೇಲಿನ ಮಾತು. 1927ರ ಮಾರ್ಚ್ 20ರಂದು ಅಂಬೇಡ್ಕರರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಆ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಅದೇ ದಿನ ಅವರ ಜನರ ಮೇಲೆ ಹಲ್ಲೆ ನಡೆಯಿತು. ಆಮೇಲೆ ಊರಿನ ಮೇಲ್ಜಾತಿಯವರು ಸಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಕೊಡಗಳನ್ನು ಕೆರೆಗೆ ಸುರಿದು, ಮಂತ್ರ ಹೇಳಿ, ನೀರನ್ನು ಶುದ್ಧಿ ಮಾಡಿಕೊಂಡರು. ದನಗಳು ಕುಡಿದಾಗ ಕೆಡದ ನೀರು ಮನುಷ್ಯರು ಕುಡಿದಾಗ ಕೆಟ್ಟಿತ್ತು. ಆ ನೀರಿನ ಹಕ್ಕು ನ್ಯಾಯಾಲಯದಲ್ಲಿ ಗಟ್ಟಿಯಾಗಲು 1937ರವರೆಗೆ ಕಾಯಬೇಕಾಯಿತು. ಕೊನೆಗೆ ಅಂಬೇಡ್ಕರರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧಧರ್ಮವನ್ನು ಸ್ವೀಕರಿಸಿದರು. ಹಿಂದೂ ಧರ್ಮವನ್ನು ಪ್ರೀತಿಸುವವರೆಲ್ಲ ಆ ದಿನವನ್ನು ಎದೆಮುಟ್ಟಿ ಯೋಚಿಸಬೇಕು. ಅಂಥ ಮನುಷ್ಯನನ್ನು ಉಳಿಸಿಕೊಳ್ಳುವ ಯೋಗ್ಯತೆ ನಮಗೆ ಇರಲಿಲ್ಲ.

ಏಣಿಯನ್ನು ಹತ್ತುವ ಗೋಜಿಗೇ ಹೋಗದವರೂ ನಮ್ಮಲ್ಲಿ ಇದ್ದರು. 12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಮತ್ತು ಶರಣರು ಹುಟ್ಟಿನ ಬದಲು ನಡತೆಯನ್ನು, ಕಾಯಕವನ್ನು ಅಳತೆಗೋಲಾಗಿ ಹಿಡಿದರು. ಚಮ್ಮಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ನಡೆದ ಮದುವೆ, ಅದಕ್ಕೆ ಅವರು ತೆತ್ತ ಪ್ರಾಣ, ಕನ್ನಡಿಗರೆಲ್ಲ ಬಲ್ಲ ಕಥೆ. ಮುಂದೆ ಶರಣರ ಹೆಸರು ಹೇಳುವವರಲ್ಲೂ ಒಳಪಂಗಡಗಳು ಬೆಳೆದವು, ಹೆಣ್ಣು ಕೊಡುವ ತರುವ ಗಡಿಗಳು ಎದ್ದವು. ಗುರು ಇಳಿದು ಬಂದ ಏಣಿಯನ್ನು ಅನುಯಾಯಿಗಳು ಮತ್ತೆ ಎತ್ತಿ ನಿಲ್ಲಿಸಿದರು.

ಹತ್ತಿರದ ಕಾಲದ ಒಂದು ನಿದರ್ಶನ ಮಂಗಳೂರಿನ ಕುದ್ರೋಳಿಯದು. ಕರಾವಳಿಯ ಬಿಲ್ಲವರಿಗೆ ದೇವಸ್ಥಾನಗಳ ಒಳಗೆ ಪ್ರವೇಶ ಇರಲಿಲ್ಲ. ಸಮುದಾಯದ ಮುಖಂಡರು ಕೇರಳದ ನಾರಾಯಣ ಗುರುಗಳ ಬಳಿಗೆ ಹೋದರು. ಗುರುಗಳು 1888ರಲ್ಲೇ ಅರುವಿಪ್ಪುರಂನಲ್ಲಿ, ಯಾವ ಪುರೋಹಿತರ ಅಪ್ಪಣೆಯನ್ನೂ ಬೇಡದೆ, ನದಿಯಿಂದ ಎತ್ತಿದ ಕಲ್ಲನ್ನು ಶಿವನಾಗಿ ಪ್ರತಿಷ್ಠಾಪಿಸಿದ್ದರು. ಅವರು ಮಂಗಳೂರಿಗೆ ಬಂದರು, 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆಯಾಯಿತು. ಮುಚ್ಚಿದ ಬಾಗಿಲನ್ನು ತಟ್ಟುತ್ತಾ ನಿಲ್ಲದೆ, ಎಲ್ಲರಿಗೂ ತೆರೆದ ಬಾಗಿಲೊಂದನ್ನು ಕಟ್ಟಿದ ಕೆಲಸ ಅದು. ನೂರು ವರ್ಷಗಳ ನಂತರ, 2013ರಲ್ಲಿ, ಅದೇ ದೇವಸ್ಥಾನ ಇಬ್ಬರು ವಿಧವೆಯರಿಗೆ ಪೂಜೆಯ ತರಬೇತಿ ಕೊಟ್ಟು ಅರ್ಚಕರನ್ನಾಗಿ ಮಾಡಿತು. ಶುಭಕಾರ್ಯದಲ್ಲಿ ಎದುರು ಬರಬಾರದು ಎನ್ನಿಸಿಕೊಂಡ ಹೆಂಗಸಿನ ಕೈಯಿಂದ ಮಂಗಳಾರತಿ, ತೀರ್ಥ. ಜಾತಿ ಮೇಲೇರುವ ದಾರಿಯಲ್ಲಿ ವಿಧವೆಯನ್ನು ಮೂಲೆಗೆ ತಳ್ಳಿದ ಕಥೆಯನ್ನು ಈಗಷ್ಟೇ ಹೇಳಿದೆ. ಸಮನಾಗುವ ದಾರಿಯಲ್ಲಿ ಆಕೆ ಗರ್ಭಗುಡಿಗೆ ಬಂದಳು. ಎರಡು ದಾರಿಗಳ ಅಂತರ ಇದಕ್ಕಿಂತ ಸ್ಪಷ್ಟವಾಗಿ ಕಾಣಲಾರದು.

ಅದೇ ಮಂಗಳೂರಿನ ಕುದ್ಮುಲ್ ರಂಗರಾಯರು ಮೇಲಿನ ಮೆಟ್ಟಿಲಿನಿಂದ ತಾವಾಗಿ ಇಳಿದವರು. 1859ರಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿ, ವಕೀಲರಾಗಿದ್ದರು. 1890ರ ದಶಕದಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು, ಅವರಿಗಾಗಿಯೇ ಒಂದು ಸಂಸ್ಥೆ ಕಟ್ಟಿದರು. ಸ್ವಂತ ಜನ ಬಹಿಷ್ಕಾರ ಹಾಕಿದರು. ಮನೆಯ ಕೆಲಸಕ್ಕೆ ಬರುವವರೂ ತಪ್ಪಿದರು. ಅವರು ಹಿಂದೆಗೆಯಲಿಲ್ಲ. ಮಗಳು ರಾಧಾಬಾಯಿಯವರನ್ನು ಬೇರೆ ಜಾತಿಯ, ಬೇರೆ ಭಾಷೆಯ ಸುಬ್ಬರಾಯನ್ ಅವರಿಗೆ ಮದುವೆ ಮಾಡಿಕೊಟ್ಟರು. ತನ್ನ ಶಾಲೆಯಲ್ಲಿ ಕಲಿತ ದಲಿತರ ಮಗು ದೊಡ್ಡ ಹುದ್ದೆಗೆ ಏರಿ, ಈ ಬೀದಿಯಲ್ಲಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತನ್ನ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬುದು ಅವರ ಆಸೆಯಾಗಿತ್ತು. 1928ರಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ ದಲಿತರೇ ಅವರ ಅಂತ್ಯಕ್ರಿಯೆ ನಡೆಸಿದರು. ಮೇಲಿನವರು ಕೆಳಗಿನವರಿಗೆ ದಾನ ಮಾಡಿದ ಕಥೆಗಳು ಬೇಕಾದಷ್ಟಿವೆ. ದಾನ ಮಾಡಿದ ಮೇಲೂ ಕೊಟ್ಟವನ ಕೈ ಮೇಲೆಯೇ ಉಳಿಯುತ್ತದೆ. ರಂಗರಾಯರು ತಮ್ಮ ಸ್ಥಾನವನ್ನೇ ಬಿಟ್ಟುಕೊಟ್ಟರು. ಈ ಕಾರಣಕ್ಕೆ ಅವರು ನನ್ನ ಕಣ್ಣಿಗೆ ಬಹಳ ದೊಡ್ಡವರು.

ಇಂಥ ಮಹಾತ್ಮರನ್ನು ನಂಬಿಕೊಂಡು ಕೋಟ್ಯಂತರ ಜನ ಕಾಯುತ್ತಾ ಕೂರಲಾಗುವುದಿಲ್ಲ. ರಾಜ್ಯ ಕೈಹಾಕಲೇಬೇಕಾಯಿತು. ಈ ವಿಷಯದಲ್ಲಿ ಮೈಸೂರು ಸಂಸ್ಥಾನದ ಹೆಜ್ಜೆ ಬಹಳ ಮುಂಚಿನದು. ಸರ್ಕಾರಿ ಹುದ್ದೆಗಳಲ್ಲಿ ಒಂದೇ ಜಾತಿಯವರು ತುಂಬಿದ್ದಾರೆ ಎಂಬ ಕೂಗು ಎದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಭಾಗ ಹಿಂದುಳಿದವರಿಗೆ ಸಿಗಬೇಕು ಎಂದು ಸಮಿತಿ ಹೇಳಿತು. ಹೀಗೆ ಹುದ್ದೆಗಳನ್ನು ಮೀಸಲಿಡುವುದು ದಿವಾನ್ ವಿಶ್ವೇಶ್ವರಯ್ಯನವರಿಗೆ ಮೊದಲಿನಿಂದಲೂ ಒಪ್ಪಿಗೆ ಇರಲಿಲ್ಲ. ಅರ್ಹತೆಯೊಂದೇ ಮಾನದಂಡವಾಗಬೇಕೆಂಬುದು ಅವರ ನಿಲುವು, ಸಮಿತಿಯ ವರದಿ ಬರುವ ಮೊದಲೇ ಅವರು ಹುದ್ದೆಯಿಂದ ಹೊರಬಂದಿದ್ದರು. ಅವರ ಪ್ರಾಮಾಣಿಕತೆಯನ್ನು ಯಾರೂ ಅನುಮಾನಿಸಲಾರರು. ಆದರೆ ಶಾಲೆಯ ಹೊಸ್ತಿಲನ್ನೇ ತುಳಿಯಗೊಡದ ಜನರ ಮಕ್ಕಳಿಗೆ ಅರ್ಹತೆ ಎಲ್ಲಿಂದ ಬರಬೇಕಿತ್ತು ಎಂಬ ಪ್ರಶ್ನೆಗೆ ಮಹಾರಾಜರ ಉತ್ತರವೇ ನ್ಯಾಯವಾದದ್ದು ಎಂದು ನನಗೆ ಅನ್ನಿಸುತ್ತದೆ. ಮುಂದೆ ದೇವರಾಜ ಅರಸರ ಕಾಲದಲ್ಲಿ ಉಳುವವನೇ ಹೊಲದೊಡೆಯ ಎಂಬ ಭೂಸುಧಾರಣೆ 1974ರಲ್ಲಿ ಬಂತು. ಹಿಂದುಳಿದ ವರ್ಗಗಳನ್ನು ಕುರಿತ ಹಾವನೂರು ಆಯೋಗದ ವರದಿ 1975ರಲ್ಲಿ ಬಂತು. ತಲೆತಗ್ಗಿಸಿ ಗೇಣಿ ಅಳೆಯುತ್ತಿದ್ದವರು ಪಹಣಿಯಲ್ಲಿ ತಮ್ಮ ಹೆಸರು ಕಂಡರು. ಸಾವಿರ ಉಪದೇಶ ಮಾಡದ್ದನ್ನು ಒಂದು ತುಂಡು ಭೂಮಿ ಮಾಡಿತು.

ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಧರ್ಮದ ಹೆಸರಿನಲ್ಲಿ ಉಳಿದುಕೊಂಡಿದ್ದ ಅವಮಾನಗಳನ್ನು ಕಿತ್ತುಹಾಕಲು ಅದೊಂದೇ ಸಾಕಾಗಲಿಲ್ಲ. ಕರಾವಳಿಯ ಕೊರಗ ಸಮುದಾಯದವರಿಗೆ, ಮೇಲಿನವರ ರೋಗ ದೋಷಗಳು ಕಳೆಯಲೆಂದು, ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯೊಂದಿತ್ತು. ಅದನ್ನು ನಿಷೇಧಿಸಲು ಕರ್ನಾಟಕ 2000ನೇ ಇಸವಿಯಲ್ಲಿ ಪ್ರತ್ಯೇಕ ಕಾಯ್ದೆ ಮಾಡಬೇಕಾಯಿತು. ಉಂಡೆಲೆಗಳ ಮೇಲೆ ಉರುಳುವ ಮಡೆಸ್ನಾನ, ಮೌಢ್ಯಾಚರಣೆಗಳನ್ನು ತಡೆಯುವ 2017ರ ಕಾಯ್ದೆಯ ವ್ಯಾಪ್ತಿಗೆ ಬಂತು. ಇವು ಯಾವುದೋ ಪುರಾತನ ಕಾಲದವಲ್ಲ, ನಮ್ಮ ನಿಮ್ಮ ಆಯುಷ್ಯದೊಳಗೇ ನಡೆದವು.

2021ರ ಸೆಪ್ಟೆಂಬರಿನಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ಒಂದು ಪುಟ್ಟ ಮಗುವಿನ ಹುಟ್ಟುಹಬ್ಬ. ದಲಿತ ಕುಟುಂಬ. ಅಪ್ಪ ಮಗುವನ್ನು ಹನುಮಂತನ ಗುಡಿಯ ಹತ್ತಿರ ಕರೆದುಕೊಂಡು ಹೋಗಿ, ರೂಢಿಯಂತೆ ಹೊರಗೇ ನಿಂತು ಕೈಮುಗಿದ. ಹನಿ ಹನಿ ಮಳೆ ಬಂತು. ಮಗು ಓಡಿ ಗುಡಿಯೊಳಗೆ ಹೋಯಿತು. ಅದಕ್ಕೆ ಊರಿನ ಕೆಲವರು ಸೇರಿ, ಗುಡಿಯ ಶುದ್ಧಿಗೆಂದು ಆ ಕುಟುಂಬಕ್ಕೆ ಸಾವಿರಾರು ರೂಪಾಯಿ ದಂಡ ಹಾಕಿದರು. ಸುದ್ದಿ ಹೊರಬಂದ ಮೇಲೆ ಅಧಿಕಾರಿಗಳು ಬಂದರು, ಸಭೆ ನಡೆಯಿತು, ಪ್ರಕರಣ ದಾಖಲಾಯಿತು. ನನ್ನ ಮನಸ್ಸು ನಿಲ್ಲುವುದು ಆ ಅಪ್ಪನ ಬಳಿ. ಬಾಗಿಲು ತೆರೆದಿದ್ದರೂ ತಾನು ಹೊರಗೆ ನಿಲ್ಲಬೇಕೆಂಬುದು ಅವನಿಗೆ ಗೊತ್ತಿತ್ತು. ಮಗುವಿಗೆ ಇನ್ನೂ ಗೊತ್ತಿರಲಿಲ್ಲ. ಮಗುವಿಗೆ ಅದನ್ನು ಕಲಿಸಲೆಂದೇ ಊರು ದಂಡ ಹಾಕಿತು.

ಅದೇ ಜಿಲ್ಲೆಯ ಮರಕುಂಬಿಯಲ್ಲಿ ದಲಿತರಿಗೆ ಕ್ಷೌರದಂಗಡಿ, ಹೋಟೆಲುಗಳಲ್ಲಿ ಪ್ರವೇಶವಿಲ್ಲ ಎಂಬುದರಿಂದ ಹೊತ್ತಿದ ಜಗಳ 2014ರಲ್ಲಿ ಗುಡಿಸಲುಗಳನ್ನು ಸುಟ್ಟಿತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಕಾನೂನಿನ ಕೈ ಅಲ್ಲಿಯವರೆಗೆ ಚಾಚಬಲ್ಲದು. ಆದರೆ ನ್ಯಾಯಾಲಯ ಶಿಕ್ಷೆ ಕೊಡಬಲ್ಲದೇ ಹೊರತು, ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಮನಸ್ಸನ್ನು ಕೊಡಲಾರದು. ಪಟ್ಟಣದವರು ತಮಗೂ ಇದಕ್ಕೂ ಸಂಬಂಧವಿಲ್ಲ ಎಂದುಕೊಳ್ಳಬಾರದು. 2011–12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಅಂತರ್ಜಾತಿ ಮದುವೆಗಳು ನೂರಕ್ಕೆ ಐದರ ಆಸುಪಾಸು. ಒಂದೇ ಕಚೇರಿಯಲ್ಲಿ ದುಡಿಯುತ್ತೇವೆ, ಒಂದೇ ಮೆಟ್ರೋದಲ್ಲಿ ಓಡಾಡುತ್ತೇವೆ, ಒಂದೇ ಹೋಟೆಲಿನ ಕಾಫಿ ಕುಡಿಯುತ್ತೇವೆ. ಮದುವೆಯ ಮಾತು ಬಂದರೆ ಮತ್ತೆ ಅಜ್ಜ ಕಟ್ಟಿದ ಮನೆಯೊಳಗೆ ಹೋಗಿ ಕೂರುತ್ತೇವೆ.

ಜಾತಿಯೇ ಧರ್ಮ ಎನ್ನುವವರು ಒಂದು ಕಡೆ ಇದ್ದಾರೆ. ಜಾತಿಗೂ ಧರ್ಮಕ್ಕೂ ಸಂಬಂಧವೇ ಇಲ್ಲ, ಅದು ಹೊರಗಿನವರು ಹೊರಿಸಿದ ಅಪವಾದ ಎನ್ನುವವರು ಇನ್ನೊಂದು ಕಡೆ. ಎರಡೂ ಮಾತುಗಳನ್ನು ನಾನು ಒಪ್ಪಲಾರೆ. ಕೆರೆಯ ನೀರಿಗೆ 108 ಕೊಡ ಸುರಿದವರು ಮಂತ್ರ ಹೇಳಿಯೇ ಸುರಿದರು, ಅದನ್ನು ಮುಚ್ಚಿಡುವುದು ಸುಳ್ಳಾಗುತ್ತದೆ. ಅರುವಿಪ್ಪುರಂನ ಕಲ್ಲನ್ನು ನಿಲ್ಲಿಸಿದವರೂ ಮಂತ್ರ ಬಲ್ಲವರೇ, ಅದನ್ನು ಮರೆಯುವುದೂ ಸುಳ್ಳಾಗುತ್ತದೆ. ಧರ್ಮ ಎರಡು ಕೆಲಸಕ್ಕೂ ಒದಗಿದೆ. ಯಾವ ಕೆಲಸಕ್ಕೆ ಒದಗಬೇಕು ಎಂಬುದನ್ನು ಆಯಾ ಕಾಲದ ಜನ ನಿಶ್ಚಯಿಸಿದ್ದಾರೆ. ಈ ಕಾಲದ ಜನ ನಾವು.

ಹಾಗಾದರೆ ನಾವು ಮಾಡಬೇಕಾದದ್ದೇನು? ನಿಮ್ಮೂರಿನ ಜಾತ್ರೆಗೆ ಮೊದಲು ಸಭೆ ಸೇರುತ್ತದಲ್ಲ, ಅಲ್ಲಿ ಎದ್ದುನಿಂತು ಮೂರು ಪ್ರಶ್ನೆ ಕೇಳಿ. ತೇರಿನ ಹಗ್ಗಕ್ಕೆ ಊರಿನ ಎಲ್ಲ ಕೇರಿಯವರ ಕೈಯೂ ಬೀಳುತ್ತದೆಯೆ? ಅನ್ನಸಂತರ್ಪಣೆಯ ಅಡುಗೆಗೆ ಎಲ್ಲ ಕೇರಿಯವರನ್ನೂ ಕರೆಯುತ್ತೀರಾ? ಉಣ್ಣಲು ಎಲ್ಲರಿಗೂ ಒಂದೇ ಪಂಕ್ತಿಯೆ? ಮನೆಕೆಲಸದವರಿಗೆಂದು ಬೇರೆ ಲೋಟ ಎತ್ತಿಟ್ಟಿದ್ದರೆ ಇವತ್ತೇ ಅದನ್ನು ಉಳಿದ ಲೋಟಗಳ ಜೊತೆ ಸೇರಿಸಿ. ಬಾಡಿಗೆಗೆ ಬಂದವರಿಗೆ ಬಾಡಿಗೆ ಎಷ್ಟು, ಮುಂಗಡ ಎಷ್ಟು ಎಂಬುದನ್ನು ಹೇಳಿ, ಪೈಕಿ ಯಾವುದು ಎಂದು ಕೇಳಬೇಡಿ. ಮಗನೋ ಮಗಳೋ ತಾವೇ ಆರಿಸಿಕೊಂಡವರನ್ನು ಮನೆಗೆ ಕರೆತಂದರೆ, ಆ ವ್ಯಕ್ತಿಯ ಗುಣ, ದುಡಿಮೆ ವಿಚಾರಿಸಿ ಒಳಗೆ ಕರೆದು ಕೂರಿಸಿ.

ಇದನ್ನೆಲ್ಲ ಮಾಡಿದರೆ ನಿಮ್ಮ ಅಂತಸ್ತು ಕಡಿಮೆಯಾಯಿತೆಂದು ಆಡಿಕೊಳ್ಳುವವರು ಇರುತ್ತಾರೆ. ಆಡಿಕೊಳ್ಳಲಿ. ಇನ್ನೊಬ್ಬರು ಕೆಳಗಿದ್ದರೆ ಮಾತ್ರ ನಿಲ್ಲುವ ಅಂತಸ್ತು ಹೋದರೆ ನಷ್ಟವೇನೂ ಇಲ್ಲ. ನಮ್ಮ ಹಿರಿಯರು ಮೇಲೇರಲು ಎಷ್ಟೋ ತಲೆಮಾರು ಸವೆಸಿದರು. ನಮ್ಮ ತಲೆಮಾರು ಸಮನಾಗಲು ದುಡಿಯಲಿ.